ಉತ್ತಮ ಅವಲೋಕನ

ಇನ್‌ಸ್ಪೆಕ್ಟರ್ ಶಾಲೆ ನೋಡಲು ಬರುವುದು ಹತ್ತೂವರೆಗೆ. ಎಂಟು ಗಂಟೆಗೇ ಬಂದು ಬಾಗಿಲು ತೆಗೆದು ಕುಳಿತಿರುವುದೇಕೆ ಎಂದು ಶಾದ್ಲಿ ಗರ್ಗೂರಿ ತನ್ನನ್ನೇ ಕೇಳಿಕೊಂಡ. ಕೇಳಿಕೊಂಡ ಕೂಡಲೇ, ಹೀಗೆ ಕೇಳಿಕೊಳ್ಳುತ್ತಿರುವ ತನ್ನನ್ನು ತಾನು ಗಮನಿಸಿದ್ದಕ್ಕೆ ಒಂದಿಷ್ಟು ಹೆಮ್ಮೆಪಟ್ಟ. ತರಬೇತಿಯಲ್ಲಿ ಕಲಿಸಿದ್ದು ಇದನ್ನೇ ಅಲ್ಲವೇ. ಹೋದ ವರ್ಷ ಹಮ್ಮಾಮೆತ್‌ನ ಒಂದು ಹೋಟೆಲಿನಲ್ಲಿ, ಪ್ರವಾಸಿಗಳಿಲ್ಲದ ತಿಂಗಳು ನೋಡಿ, ಸಂಗೀತ ಮೇಷ್ಟ್ರುಗಳನ್ನೆಲ್ಲ ಮೂರು ದಿನ ಕೂಡಿಹಾಕಿ ‘ಅರಿವಿನ ಮೇಲಣ ಅರಿವು’ ಹೇಳಿಕೊಟ್ಟಿದ್ದರು. ರಾಜಧಾನಿಯಿಂದ ಬಂದ ಹೆಂಗಸೊಬ್ಬಳು ಬೋರ್ಡಿನ ಮೇಲೆ ಒಂದು ತಲೆ ಬರೆದಳು, ಅದರೊಳಗೆ ಇನ್ನೊಂದು ತಲೆ, ಅದರೊಳಗೆ ಮತ್ತೊಂದು. ಇವನು ನುಡಿಸುವ ವಿದ್ಯಾರ್ಥಿ, ಇವನು ನುಡಿಸುವವನನ್ನು ನೋಡುವ ವಿದ್ಯಾರ್ಥಿ, ಇವನು ಹೇಗೆ ನೋಡುತ್ತಿದ್ದೇನೆಂದು ನೋಡುವ ವಿದ್ಯಾರ್ಥಿ ಎಂದಳು. ಬಿಝರ್ತ್‌ನ ಮುದುಕ ಪಿಟೀಲು ಮೇಷ್ಟ್ರು ಕೈಯೆತ್ತಿ, “ಮೇಡಂ, ಇವರಲ್ಲಿ ಕೈಗೆ ಪಿಟೀಲು ಕೊಡಬೇಕಾದ್ದು ಯಾರಿಗೆ?” ಎಂದು ಕೇಳಿದಾಗ ಎಲ್ಲರೂ ನಕ್ಕರು. ಶಾದ್ಲಿ ಮಾತ್ರ ನಗಲಿಲ್ಲ. ಜೂನ್ ತಿಂಗಳಲ್ಲಿ ಮಾದಾಮ್ ಬೈಯ್ಯಾ ನಿವೃತ್ತಳಾದರೆ ಸ್ಫಾಕ್ಸ್‌ನ ಈ ಸಂಗೀತ ಶಾಲೆಗೆ ಮುಖ್ಯಸ್ಥ ಬೇಕಾಗುತ್ತದೆ, ಹೊಸ ವಿಧಾನಕ್ಕೆ ಮೊದಲು ತಲೆಯಾಡಿಸಿದವನ ಹೆಸರು ಎಲ್ಲೋ ಬರೆದಿಟ್ಟುಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಿದೆ ಎಂಬುದನ್ನು ಗಮನಿಸುವ ತಲೆಯನ್ನು ಅಂದು ಅವನು ಮುಚ್ಚಿಟ್ಟಿದ್ದ.

ಈಗ ಎರಡನೆಯ ಮಹಡಿಯ ತರಗತಿಯಲ್ಲಿ, ಎದುರಿನ ಕಾಫಿ ಅಂಗಡಿಯಿಂದ ತಂದ ಕಾಫಿ ಆರುತ್ತಿರುವಾಗ, ಅವನ ಮುಂದೆ ಹತ್ತೊಂಬತ್ತು ನೋಟ್‌ಪುಸ್ತಕಗಳಿದ್ದವು. ಊದ್ ಎಂಬ ತಂತಿವಾದ್ಯ ಕಲಿಯುವ ಪ್ರತಿ ಮಗುವಿಗೂ ಒಂದು. ನುಡಿಸುವ ಮುಂಚೆ ಹಸಿರು ಶಾಯಿಯಲ್ಲಿ ‘ಇವತ್ತು ನನ್ನ ಗುರಿ ಏನು’, ನುಡಿಸುತ್ತ ನಡುವೆ ನಿಲ್ಲಿಸಿ ನೀಲಿಯಲ್ಲಿ ‘ಈಗ ನನಗೆ ಕೇಳಿಸುತ್ತಿರುವುದೇನು’, ಮುಗಿದ ಮೇಲೆ ಕೆಂಪಿನಲ್ಲಿ ‘ಎಲ್ಲಿ ತಪ್ಪಿದೆ, ಯಾಕೆ’. ಮೊದಲ ತಿಂಗಳಲ್ಲೇ ಮಕ್ಕಳು ಅದರ ಒಳಗುಟ್ಟನ್ನು ಹಿಡಿದುಬಿಟ್ಟಿದ್ದರು: ತಪ್ಪು ಹೆಚ್ಚು ಬರೆದಷ್ಟೂ ಅಂಕ ಹೆಚ್ಚು. ಹನ್ನೆರಡು ವರ್ಷದ ಗಸ್ಸಾನ್ ಮಾಡದ ತಪ್ಪುಗಳನ್ನೂ ಬರೆಯುತ್ತಿದ್ದ. ‘ನನ್ನ ಎರಡನೆಯ ಬೆರಳಿಗೆ ಇಂದು ಅಹಂಕಾರ ಬಂದಿತ್ತು’ ಎಂದು ಅವನು ಬರೆದ ವಾಕ್ಯವನ್ನು ಮಾದಾಮ್ ಬೈಯ್ಯಾ ನೋಟಿಸ್ ಬೋರ್ಡಿಗೆ ಹಾಕಿಸಿದ್ದಳು. ಗಸ್ಸಾನ್ ಈಗ ಒಂದು ಗಂಟೆಯ ಪಾಠದಲ್ಲಿ ಇಪ್ಪತ್ತೈದು ನಿಮಿಷ ಬರೆಯುತ್ತಿದ್ದ, ಹದಿನೈದು ನಿಮಿಷ ಬರೆದದ್ದನ್ನು ಚರ್ಚಿಸುತ್ತಿದ್ದ, ಉಳಿದುದರಲ್ಲಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದ. ಅವನ ಅಪ್ಪ, ಬಂದರಿನಲ್ಲಿ ಆಕ್ಟೋಪಸ್ ಹಿಡಿಯುವವನು, ಒಂದು ದಿನ ಉಪ್ಪುನೀರಿನ ಬೂಟಿನಲ್ಲೇ ಮೆಟ್ಟಿಲು ಹತ್ತಿ ಬಂದು, ಹೆಸರಿನ ಮುಂದೆ ಗೌರವದ ‘ಸೀ’ ಸೇರಿಸಿ, “ಸೀ ಶಾದ್ಲಿ, ತಪ್ಪು ತಿಳ್ಕೋಬೇಡಿ. ನಮ್ಮ ಹುಡುಗ ಮನೇಲಿ ಊದ್ ಮುಂದೆ ಕಣ್ಣು ಮುಚ್ಕೊಂಡು ಕೂತಿರ್ತಾನೆ. ಏನೋ ಅಂದ್ರೆ ‘ಯೋಚ್ನೆ ಮಾಡೋದನ್ನ ಯೋಚ್ನೆ ಮಾಡ್ತಿದೀನಿ ಬಾಬಾ’ ಅಂತಾನೆ. ನುಡಿಸೋದು ಯಾವ ವರ್ಷದಿಂದ?” ಎಂದು ಕೇಳಿದ್ದ. ಶಾದ್ಲಿ ಅವನಿಗೆ ತಲೆಯೊಳಗೆ ತಲೆಯ ಚಿತ್ರ ಬರೆದು ತೋರಿಸಿದ್ದ. ಆತ ಅದನ್ನು ಬಹಳ ಹೊತ್ತು ನೋಡಿ, “ಇದಕ್ಕೆ ಡಾಕ್ಟರು ಏನೂ ಮಾಡಕ್ಕಾಗಲ್ವಾ?” ಎಂದಿದ್ದ.

ಪ್ರತಿ ಪುಟದ ಕೆಳಗೂ ಮೇಷ್ಟ್ರು ಓದಿ ಟಿಪ್ಪಣಿ ಬರೆಯಬೇಕೆಂಬುದು ನಿಯಮ. ಶಾದ್ಲಿ ಹತ್ತೊಂಬತ್ತು ಪುಸ್ತಕಗಳಿಗೂ ಪ್ರತಿ ಗುರುವಾರ, ಟಿವಿಯ ಫುಟ್‌ಬಾಲ್ ಆಟದ ಕಡೆ ಒಂದು ಕಣ್ಣಿಟ್ಟು, ‘ಉತ್ತಮ ಅವಲೋಕನ’ ಎಂದು ಬರೆದು ಸಹಿ ಹಾಕುತ್ತ ಬಂದಿದ್ದ. ಅವನ ಹೆಂಡತಿ ಝಕಿಯಾ ಒಮ್ಮೆ ಬಗ್ಗಿ ನೋಡಿ, “ಓದದೇನೇ ಹಾಕ್ತೀರಲ್ರೀ” ಎಂದಾಗ, “ಮೂವತ್ತು ವರ್ಷದ ಅನುಭವ. ಪುಟದ ಮುಖ ನೋಡಿದ್ರೆ ಗೊತ್ತಾಗುತ್ತೆ” ಎಂದು ಗದರಿದ್ದ. ಇವತ್ತು ಇನ್‌ಸ್ಪೆಕ್ಟರ್ ಯಾವುದಾದರೊಂದು ಪುಸ್ತಕ ತೆಗೆಸಿ ಓದಿಸಬಹುದು ಎಂಬ ಭಯಕ್ಕೆ, ಮೊದಲ ಬಾರಿ ಓದಲು ಕುಳಿತ. ಗಸ್ಸಾನ್‌ನದು ಓದಿ ಮುಗುಳ್ನಕ್ಕ. ಇನ್ನೂ ನಾಲ್ಕು ಓದಿದ. ಆರನೆಯದು ಎಮ್ನಾಳದು, ಹದಿನಾಲ್ಕರ ಹುಡುಗಿ, ಮಾತು ಕಡಿಮೆ, ಬೆರಳು ಚುರುಕು. ಊದ್‌ನಲ್ಲಿ ಈ ಶಾಲೆಯಿಂದ ಯಾರಿಗಾದರೂ ರಾಜಧಾನಿಯ ಉನ್ನತ ತರಗತಿಗೆ ಹೋಗುವ ಯೋಗವಿದ್ದರೆ ಅವಳಿಗೇ. ಮಕ್ಕಳೆಲ್ಲ ಮೇಷ್ಟ್ರನ್ನು ಕರೆಯುವಂತೆ ಅವಳೂ ಅವನನ್ನು ‘ಸೀದಿ’ ಎಂದೇ ಬರೆದಿದ್ದಳು. ಕೆಂಪು ಶಾಯಿಯಲ್ಲಿ, ಒತ್ತಿ ಬರೆಯದ ಸಣ್ಣ ಅಕ್ಷರಗಳಲ್ಲಿ ಹೀಗಿತ್ತು: ‘ರಾಸ್ತ್ ರಾಗದಲ್ಲಿ ಮೂರನೆಯ ಸ್ವರ ಸೀಕಾಕ್ಕೆ ನಾನು ಬೆರಳಿಡುವ ಜಾಗಕ್ಕೂ ಸೀದಿ ಇಡುವ ಜಾಗಕ್ಕೂ ಹೊಂದುತ್ತಿಲ್ಲ. ಅವರದು ಸ್ವಲ್ಪ ಇಳಿದಿದೆ. ಮೊದಲು ನನ್ನದೇ ತಪ್ಪೆಂದು ತಿಳಿದೆ. ಮನೆಯಲ್ಲಿ ಹಳೆಯ ರೆಕಾರ್ಡುಗಳ ಜೊತೆ ನುಡಿಸಿ ನೋಡಿದೆ. ನನ್ನದು ಸರಿ ಇದೆ.’ ಕೆಳಗೆ ಹಸಿರು ಶಾಯಿಯಲ್ಲಿ ದುಂಡಗೆ: ಉತ್ತಮ ಅವಲೋಕನ. ಶಾ. ಗರ್ಗೂರಿ.

ಅವನು ಪುಟ ತಿರುಗಿಸಿದ. ‘ಸೀದಿ ಜೊತೆ ನುಡಿಸುವಾಗ ಬೆರಳನ್ನು ಒಂದು ಎಳ್ಳಿನಷ್ಟು ಹಿಂದಕ್ಕಿಡಲು ಅಭ್ಯಾಸ ಮಾಡಿದೆ. ಈಗ ಇಬ್ಬರದೂ ಕೂಡುತ್ತದೆ. ಮನೆಗೆ ಹೋದ ಮೇಲೆ ಮತ್ತೆ ಮುಂದಕ್ಕೆ.’ ಉತ್ತಮ ಅವಲೋಕನ. ‘ಉಳಿದವರೂ ಸೀದಿಯನ್ನು ಕೇಳಿಯೇ ಕಲಿತದ್ದರಿಂದ ಇಡೀ ತರಗತಿಯ ಸೀಕಾ ಇಳಿದಿದೆ. ಎಲ್ಲರೂ ಒಟ್ಟಿಗೆ ನುಡಿಸಿದಾಗ ಸರಿ ಎಂಬಂತೆ ಕೇಳಿಸುತ್ತದೆ.’ ಉತ್ತಮ ಅವಲೋಕನ. ‘ಸೀದಿಯ ತೋರುಬೆರಳು ಗೆಣ್ಣಿನಲ್ಲಿ ಪೂರ್ತಿ ಮಡಚುವುದಿಲ್ಲ. ಅದರಿಂದ ಇರಬಹುದು. ಬೆರಳು ಹೋದಲ್ಲಿಗೆ ಕಿವಿಯೂ ಹೋಗಿರಬೇಕು.’ ಅದರ ಕೆಳಗೆ ಅಂದು ಅವನಿಗೆ ಏನು ಖುಷಿಯಿತ್ತೋ, ಸ್ಫಾಕ್ಸ್ ತಂಡ ಗೋಲು ಹೊಡೆದಿತ್ತೋ ಏನೋ, ‘ಅತ್ಯುತ್ತಮ’ ಎಂದು ಬರೆದು ಎರಡು ಗೆರೆ ಎಳೆದಿದ್ದ. ಹನ್ನೊಂದು ವಾರ. ಹನ್ನೊಂದು ಸಹಿ.

ಮೊದಲು ಬಂದದ್ದು ಸಿಟ್ಟು. ಹಾಲುಹಲ್ಲು ಬಿದ್ದು ಎಷ್ಟು ದಿನವಾಯಿತು ಇವಳಿಗೆ? ಊದ್‌ಗೆ ಮೆಟ್ಟಿಲುಗಳಿಲ್ಲ, ಸ್ವರದ ಜಾಗ ಮರದ ಮೇಲೆ ಕೊರೆದಿರುವುದಿಲ್ಲ, ಸೀಕಾ ಅಂತೂ ಎರಡು ಸ್ವರಗಳ ನಡುವೆ ತೂಗುವ ಸ್ವರ, ಒಂದೊಂದು ಊರಿನಲ್ಲಿ ಒಂದೊಂದು ಎತ್ತರ. ನಮ್ಮ ಕಡೆಯ ಸೀಕಾ ಮೂಡಣದವರದಕ್ಕಿಂತ ಇಳಿದೇ ಇರುತ್ತದೆ, ಇದರ ಮೇಲೆ ಗೋಷ್ಠಿಗಳೇ ನಡೆದಿವೆ. ಈ ಸಮರ್ಥನೆ ಎಷ್ಟು ಅಚ್ಚುಕಟ್ಟಾಗಿ ಬಂದಿತೆಂದರೆ ಅದನ್ನು ತಾನು ಬಹಳ ಹಿಂದೆಯೇ ತಯಾರಿಸಿ ಇಟ್ಟುಕೊಂಡಿದ್ದೆನೇ ಎಂದು ಅವನಿಗೆ ಅನುಮಾನವಾಯಿತು. ಬಾಗಿಲು ಹಾಕಿ ಊದ್ ಎತ್ತಿಕೊಂಡು ರಾಸ್ತ್ ನುಡಿಸಿದ. ಸರಿಯಾಗಿಯೇ ಇತ್ತು. ಮತ್ತೆ ನುಡಿಸಿದ. ಎಷ್ಟು ಸರಿಯಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ಫೋನಿನಲ್ಲಿ ತನ್ನದೇ ಹಳೆಯ ರೆಕಾರ್ಡು ಹುಡುಕಿದ. ಹದಿನೇಳು ವರ್ಷದ ಹಿಂದೆ ಊರಿನ ರೇಡಿಯೋಗೆ ನುಡಿಸಿದ್ದು. ಅದೇ ರಾಸ್ತ್. ಸೀಕಾ ಬಂದಾಗ ಅವನು ಬೆಚ್ಚಿ, ‘ಛೆ, ಆಗ ಎಷ್ಟು ಏರಿಸಿ ನುಡಿಸುತ್ತಿದ್ದೆ’ ಎಂದುಕೊಂಡ. ಅಷ್ಟು ಅಂದುಕೊಂಡವನು ಹಾಗೇ ಕುಳಿತುಬಿಟ್ಟ. ಆ ರೆಕಾರ್ಡು ಕೇಳಿದ ಹಿರಿಯರು ಅವನ ಕೈಹಿಡಿದು, ಈ ಊರಿಗೆ ಇಂಥ ಸೀಕಾ ಬಂದು ಎಷ್ಟು ಕಾಲವಾಗಿತ್ತೋ ಎಂದಿದ್ದರು. ಎರಡರಲ್ಲಿ ಒಂದೇ ಸರಿ ಇರಲು ಸಾಧ್ಯ. ಎರಡನ್ನೂ ನುಡಿಸಿದವನು ತಾನೇ. ಯಾವುದು ಸರಿ ಎಂದು ಹೇಳಬೇಕಾದ ಕಿವಿಯೂ ತನ್ನದೇ, ಅದೀಗ ಸುಳ್ಳು ಸಾಕ್ಷಿ ಹೇಳುತ್ತಿದೆ. ತೋರುಬೆರಳನ್ನು ಮಡಚಿ ನೋಡಿದ. ಮುಕ್ಕಾಲು ಮಡಚಿ ನಿಂತಿತು. ಎಷ್ಟು ವರ್ಷದಿಂದ ಹೀಗೆ? ಎಷ್ಟು ಮಕ್ಕಳು ಇಲ್ಲಿಂದ ಹೋಗಿದ್ದಾರೆ? ಮದುವೆಗಳಲ್ಲಿ ನುಡಿಸುತ್ತಿದ್ದಾರೆ, ಇಬ್ಬರು ತಾವೇ ಮೇಷ್ಟ್ರಾಗಿದ್ದಾರೆ. ಈ ದಕ್ಷಿಣ ತೀರದುದ್ದಕ್ಕೂ ತನ್ನ ಗೆಣ್ಣುನೋವು ಒಂದು ಸಂಪ್ರದಾಯವಾಗಿ ಹರಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ, ಅವನಿಗೆ ಒಮ್ಮೆಲೇ ನಗು ಬಂತು; ಅದನ್ನು ತಡೆಯಲು ಪುಸ್ತಕಗಳನ್ನು ಸುಮ್ಮನೆ ಮತ್ತೊಮ್ಮೆ ಜೋಡಿಸಿಟ್ಟ.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಕಾರಿಡಾರಿನ ಕಿಟಕಿಯ ಬಳಿ ಎಮ್ನಾ ಸಿಕ್ಕಳು. ಕೆಳಗೆ ಮಾದಾಮ್ ಬೈಯ್ಯಾ ಇನ್‌ಸ್ಪೆಕ್ಟರಿಗೆಂದು ತರಿಸಿದ ಬಾದಾಮಿ ಕಾಕ್ ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಯಾರನ್ನೋ ಬೈಯುವುದು ಕೇಳಿಸುತ್ತಿತ್ತು.

“ಎಮ್ನಾ, ನಿನ್ನ ಪುಸ್ತಕ ನೋಡಿದೆ.”

“ಹೌದಾ, ಸೀದಿ.”

“ಇವತ್ತು ಅವರೇನಾದ್ರೂ ಓದು ಅಂದ್ರೆ... ಆ ಪುಟ ಬೇಡಮ್ಮ.”

“ಯಾವ ಪುಟ?”

“ಅದೇ. ಸೀಕಾದ್ದು.”

“ಎಲ್ಲಾ ಪುಟದಲ್ಲೂ ಅದೇ ಇದೆಯಲ್ಲ, ಸೀದಿ.” ಅವಳು ಅವನ ಮುಖ ನೋಡಿದಳು, ಮೆಲ್ಲಗೆ ಏನೋ ಹೊಳೆದಂತಾಗಿ, “ನೀವು... ಓದಿರಲಿಲ್ವಾ?” ಎಂದಳು.

“ಓದಿದ್ದೆ. ಓದದೆ ಸಹಿ ಹಾಕ್ತೀನಾ? ಇವತ್ತು ಇನ್ನೊಂದು ಸಲ ಓದಿದೆ.”

ಅವಳ ಮುಖ ಸಡಿಲವಾಯಿತು. “ಅಲ್ವಾ ಮತ್ತೆ! ಮೊದಲನೇ ವಾರ ಎಷ್ಟು ಹೆದರ್ಕೊಂಡು ಬರೆದಿದ್ದೆ ಗೊತ್ತಾ. ಬೈತೀರಾ ಅಂದ್ಕೊಂಡೆ. ನೀವು ನೋಡಿದ್ರೆ ‘ಉತ್ತಮ ಅವಲೋಕನ’ ಅಂತ ಬರೆದ್ರಿ. ಅಮ್ಮನಿಗೆ ತೋರಿಸ್ದೆ. ಅಮ್ಮ ಅಂದ್ಲು, ಇಂಥ ಮನುಷ್ಯ ಎಲ್ಲಿ ಸಿಗ್ತಾನೆ ಕಣೇ, ನಮ್ಮ ಆಫೀಸಲ್ಲಿ ದೊಡ್ಡವರಿಗೆ ಒಂದು ಸ್ಪೆಲ್ಲಿಂಗ್ ತಪ್ಪಿದೆ ಅಂದ್ರೆ ಮೂರು ದಿನ ಮಾತು ಬಿಡ್ತಾರೆ ಅಂತ. ನಿಮಗೋಸ್ಕರ ದುವಾ ಮಾಡಿದ್ಲು.”

ಶಾದ್ಲಿ ಕಿಟಕಿಯಾಚೆ ನೋಡಿದ. ಆಚೆ ಟೆರೇಸಿನಲ್ಲಿ ಒಬ್ಬಾಕೆ ಒಣಗಿದ ಬಟ್ಟೆಯನ್ನು ತೆಗೆದು ಭುಜಕ್ಕೆ ಹಾಕಿಕೊಳ್ಳುತ್ತಿದ್ದಳು, ಒಂದರ ಮೇಲೊಂದು, ಬೀಳದಂತೆ. ಅವಳ ಕೆಲಸ ಎಷ್ಟು ಸರಳ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

“ಆದ್ರೂ ಇವತ್ತು ಬೇರೆ ಏನಾದ್ರೂ ಓದು,” ಎಂದ. “ಆತುರ ಪಡ್ತೀನಿ ಅಂತಲೋ ಏನೋ.”

“ನಾನು ಆತುರ ಪಡಲ್ಲ, ಸೀದಿ.”

“ಗೊತ್ತು. ಸುಮ್ನೆ ಓದು.”

ಇನ್‌ಸ್ಪೆಕ್ಟರ್ ಸೀ ಮುನ್ಸಿಫ್ ತೆಳ್ಳಗಿನ ಮನುಷ್ಯ. ಇಪ್ಪತ್ತೆರಡು ಚೌಕಗಳ ಒಂದು ಫಾರಂ ಹಿಡಿದು ಬಂದಿದ್ದ. ಮೊದಲು ಭೂಗೋಳದ ಮೇಷ್ಟ್ರಾಗಿದ್ದನಂತೆ. ಗಸ್ಸಾನ್ ತನ್ನ ಬೆರಳಿನ ಅಹಂಕಾರದ ಕುರಿತು ಎರಡು ಪುಟ ಓದಿದಾಗ ಮೂರು ಚೌಕಗಳಿಗೆ ಗುರುತು ಹಾಕಿದ. “ಶಭಾಷ್. ಈಗ ನುಡಿಸು ಮಗು,” ಎಂದಾಗ ಗಸ್ಸಾನ್ ದಿಗಿಲುಬಿದ್ದು ಶಾದ್ಲಿಯ ಮುಖ ನೋಡಿದ. “ಅವನು ಈ ತಿಂಗಳು ಯೋಜನೆಯ ಹಂತದಲ್ಲಿದ್ದಾನೆ,” ಎಂದಳು ಮಾದಾಮ್ ಬೈಯ್ಯಾ. ಸೀ ಮುನ್ಸಿಫ್ ಅದಕ್ಕೂ ಒಂದು ಗುರುತು ಹಾಕಿದ.

ಆಮೇಲೆ ಎಮ್ನಾ. ಪುಸ್ತಕ ತೆರೆದು, ಪುಟದ ಮೇಲೆ ಕಣ್ಣಾಡಿಸುತ್ತ ಅಲ್ಲಿಲ್ಲದ ವಾಕ್ಯವನ್ನು ಓದಿದಳು: “ನಾನು ಆತುರ ಪಡುತ್ತೇನೆ.” ಮುಖ ಕೆಂಪಾಗಿತ್ತು. ತನ್ನ ಶಾಲೆಯಲ್ಲಿ ಇಷ್ಟು ದಿನ ಸುಳ್ಳು ಬರೆಯದ ಮಗುವೊಂದಿತ್ತು, ಅದಕ್ಕೂ ಇವತ್ತು ಕಲಿಸಿದ್ದಾಯಿತು ಎಂದುಕೊಂಡ ಶಾದ್ಲಿ. ಗುರು ಶಿಷ್ಯರು ಒಟ್ಟಿಗೆ ನುಡಿಸಬೇಕೆಂಬುದು ಹದಿನಾರನೆಯ ಚೌಕ. ಇಬ್ಬರೂ ಕುಳಿತರು. ಅವನು ಅವಳ ಕೈಯನ್ನೇ ನೋಡುತ್ತ ನುಡಿಸಿದ. ಸೀಕಾ ಬರುವ ಮುಂಚೆ ಅವಳ ತೋರುಬೆರಳು ತಂತಿಯ ಮೇಲೆ ಒಂದು ಎಳ್ಳಿನಷ್ಟು ಹಿಂದಕ್ಕೆ ಸರಿಯಿತು, ಮುದುಕರ ಜೊತೆ ನಡೆಯುವವರು ಹೆಜ್ಜೆ ಸಣ್ಣದು ಮಾಡಿಕೊಳ್ಳುವಂತೆ. ಬಂದಾಗಲೆಲ್ಲ ಸರಿಯಿತು. ಒಂದೇ ಒಂದು ಸಲವೂ ಮರೆಯಲಿಲ್ಲ. ಅವಮಾನ ಎಂದರೆ ಕೆನ್ನೆಗೆ ಹೊಡೆದಂತಿರುತ್ತದೆ ಎಂದುಕೊಂಡಿದ್ದ ಅವನಿಗೆ, ಅದು ಇಷ್ಟು ಮೆತ್ತಗೂ ಇರಬಹುದೆಂದು ಗೊತ್ತಿರಲಿಲ್ಲ.

“ವಾಹ್!” ಸೀ ಮುನ್ಸಿಫ್ ಪೆನ್ನೆತ್ತಿದ. “ಒಂದೇ ಉಸಿರು! ಯಾರದು ಯಾವುದು ಅಂತಾನೇ ತಿಳೀಲಿಲ್ಲ. ಈಗ ಹದಿನೇಳು, ಸ್ವತಂತ್ರ ವಾದನ. ನೀನೊಬ್ಬಳೇ ನುಡಿಸಮ್ಮ.”

ಎಮ್ನಾ ಕೇಳುವಂತೆ ನೋಡಿದಳು. “ಮನೇಲಿ ನುಡಿಸೋ ಹಾಗೆ ನುಡಿಸು,” ಎಂದ ಶಾದ್ಲಿ. ಇದರಲ್ಲಿ ಧೈರ್ಯವೇನೂ ಇರಲಿಲ್ಲ. ಭೂಗೋಳದವನಿಗೆ ಎಲ್ಲಿ ತಿಳಿಯುತ್ತದೆ ಎಂಬ ಲೆಕ್ಕವಷ್ಟೇ. ಅವಳು ನುಡಿಸಿದಳು. ಮುಗಿಸುವಷ್ಟರಲ್ಲಿ ಸೀ ಮುನ್ಸಿಫ್‌ನ ಹುಬ್ಬು ಗಂಟಾಗಿತ್ತು.

“ಇದೇನಿದು? ಜೊತೇಲಿದ್ದಾಗ ಸರಿಯಾಗಿತ್ತು. ಒಬ್ಬಳೇ ಆದ ಕೂಡ್ಲೇ ಮೂರನೇ ಸ್ವರ ಏರಿಸಿಬಿಟ್ಟಳು. ನಾನೇನೂ ಪಂಡಿತ ಅಲ್ಲ ಸೀ ಶಾದ್ಲಿ, ಆದ್ರೆ ಕಿವಿ ಇದೆ. ಗುರುವಿನ ಸ್ವರಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಅಲ್ವಾ?”

“ಇದೆ,” ಎಂದ ಶಾದ್ಲಿ.

“ಸ್ವಯಂ ನಿಯಂತ್ರಣ ಸಾಲದು.” ಹದಿನೇಳನೆಯ ಚೌಕದಲ್ಲಿ ಅಡ್ಡಗೆರೆ ಬಿತ್ತು. “ರಾಜಧಾನಿಗೆ ಈ ಪ್ರಾಂತ್ಯದಿಂದ ಒಬ್ಬರನ್ನೇ ಕಳಿಸೋದು. ಮಹ್‌ರೆಸ್‌ನಲ್ಲಿ ಕೊಳಲಿನ ಹುಡುಗ ಒಬ್ಬನಿದ್ದಾನೆ. ಅವನನ್ನೇ ಬರೀತೀನಿ.”

ಎಮ್ನಾ ಊದ್‌ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಾದವನ್ನು ನಿಲ್ಲಿಸಿ, “ಮುಂದೆ ಗಮನಿಸ್ತೀನಿ,” ಎಂದಳು.

ಸೀ ಮುನ್ಸಿಫ್ ಒಪ್ಪಿಗೆಗಾಗಿ ಶಾದ್ಲಿಯ ಕಡೆ ತಿರುಗಿದ. ಆಗ ಶಾದ್ಲಿಗೆ ಕಂಡದ್ದು ಮೂವತ್ತಾರು ವರ್ಷದ ಹಿಂದಿನ ಒಂದು ಮದುವೆ ಮನೆಯ ದೀಪಗಳು. ಹಾಡುವವನು ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿದ್ದಾನೆ, ಯಾರೋ ಶ್ರುತಿ ತಪ್ಪಿದ್ದಾರೆ. ಇಪ್ಪತ್ತರ ಶಾದ್ಲಿ ಕೆಂಪು ಕುರ್ಚಿಯ ಮೇಲೆ, ಪಕ್ಕದಲ್ಲಿ ಅವನ ಕೈಗೆ ಊದ್ ಇಟ್ಟ ಗುರು ಶೇಖ್ ಖಮೈಸ್. ತಪ್ಪು ಶಾದ್ಲಿಯದು. ಹಾಡುವವನ ನೋಟ ತನ್ನ ಮೇಲೆ ಬೀಳುವ ಮುಂಚೆ ಅವನು ಬಾಯಿ ಬಿಡಲಿಲ್ಲ, ಕೈ ಮಾಡಲಿಲ್ಲ. ಕಣ್ಣನ್ನು ಮಾತ್ರ ಮೆಲ್ಲಗೆ ಮುದುಕನ ಕಡೆ ಹೊರಳಿಸಿದ. ಅಷ್ಟೇ ಸಾಕಾಯಿತು. ವಯಸ್ಸಾಯಿತು ಪಾಪ ಎಂದರು. ಮುಂದಿನ ಮದುವೆಗೆ ಶೇಖನನ್ನು ಕರೆಯಲಿಲ್ಲ. ಶೇಖ್ ಅದನ್ನು ಕಂಡಿದ್ದನೋ ಇಲ್ಲವೋ. ಸಾಯುವವರೆಗೆ ಶಾದ್ಲಿಗೆ ಪ್ರತಿ ಈದ್‌ಗೂ ತಪ್ಪದೆ ತಿಂಡಿ ಕಳಿಸುತ್ತಿದ್ದ, ಅವನು ಅದನ್ನು ತಿನ್ನಲಾರದೆ ಪಕ್ಕದ ಮನೆಗೆ ಕೊಡುತ್ತಿದ್ದ. ಈಗಲೂ ಕಣ್ಣನ್ನು ಎಮ್ನಾಳ ಕಡೆ ಹೊರಳಿಸಿದರೆ ಸಾಕಿತ್ತು. ಹೊರಳಿಸುವುದೂ ಬೇಡ, ಸುಮ್ಮನಿದ್ದರೆ ಸಾಕಿತ್ತು.

“ತಪ್ಪು ಅವಳದ್ದಲ್ಲ,” ಎಂದ. “ಇಳಿದಿರೋದು ನನ್ನದು. ಅವಳು ನನ್ನ ಜೊತೆ ನುಡಿಸುವಾಗ ಬೇಕಂತ ಇಳಿಸ್ತಾಳೆ.”

“ಗುರುಗಳ ವಿನಯ,” ಎಂದು ಮಾದಾಮ್ ಬೈಯ್ಯಾ ಕಾಕ್‌ನ ತಟ್ಟೆಯನ್ನು ಮುಂದೆ ಸರಿಸಿದಳು. “ತಗೊಳ್ಳಿ, ಸೀ ಮುನ್ಸಿಫ್. ಬಾದಾಮಿಯದ್ದು.”

ಶಾದ್ಲಿ ಎದ್ದು ಎಮ್ನಾಳ ಕೈಯಿಂದ ಪುಸ್ತಕ ತೆಗೆದುಕೊಂಡು ಓದತೊಡಗಿದ. ಮೊದಲ ವಾರ, ಎರಡನೆಯ ವಾರ, ಗೆಣ್ಣು, ಇಡೀ ತರಗತಿ. ಪ್ರತಿ ಪುಟದ ಕೊನೆಗೂ ತನ್ನ ಟಿಪ್ಪಣಿಯನ್ನೂ ಸಹಿಯನ್ನೂ ಬಿಡದೆ ಓದಿದ. ಐದನೆಯ ‘ಉತ್ತಮ ಅವಲೋಕನ’ಕ್ಕೆ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ‘ಅತ್ಯುತ್ತಮ’ ಬಂದಾಗ ಗಸ್ಸಾನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಓದಿ ಮುಗಿಸಿದಾಗ ಸೀ ಮುನ್ಸಿಫ್‌ನ ಮುಖ ಬೆಳಗುತ್ತಿತ್ತು.

“ಈಗ ಗೊತ್ತಾಯ್ತು! ಹನ್ನೊಂದು ವಾರ ನೀವು ಬೇಕಂತಲೇ ತಪ್ಪು ನುಡಿಸಿ, ಯಾರು ಕಂಡುಹಿಡೀತಾರೆ ಅಂತ ಕಾಯ್ತಿದ್ರಿ! ಮೇಷ್ಟ್ರೇ ಬಲೆ ಬೀಸಿ ಕೂರೋದು! ಹಮ್ಮಾಮೆತ್‌ನಲ್ಲಿ ಕೂಡ ಇದನ್ನ ಯಾರೂ ಹೇಳ್ಕೊಡಲಿಲ್ಲ. ನೀವು ಇದನ್ನ ಬೇರೆ ಮೇಷ್ಟ್ರುಗಳಿಗೂ ಕಲಿಸ್ಬೇಕು. ಮಾದಾಮ್ ಬೈಯ್ಯಾ, ಇಂಥವರನ್ನ ಇಲ್ಲಿ ಬಚ್ಚಿಟ್ಟುಕೊಂಡಿದ್ದೀರಲ್ಲ!”

“ಅದಕ್ಕೇ ಅಲ್ವಾ ಜೂನ್‌ಗೆ ಅವರ ಹೆಸರು ಹೇಳಿರೋದು,” ಎಂದಳು ಆಕೆ, ಉಸಿರು ಬಿಟ್ಟು.

ಬಾಗಿಲು ಇಷ್ಟಗಲ ತೆರೆದಿತ್ತು. ಎಮ್ನಾಗೆ ರಾಜಧಾನಿ, ತನಗೆ ಕುರ್ಚಿ, ಯಾರಿಗೂ ನಷ್ಟವಿಲ್ಲ. ಮಕ್ಕಳು ಅವನನ್ನು ಹೊಸ ಕಣ್ಣಿನಿಂದ ನೋಡುತ್ತಿದ್ದರು. ಎಮ್ನಾ ಕೂಡ, ಅವಳ ತುಟಿಯಲ್ಲಿ ನಗು ಮೂಡಿತ್ತು. ಅವಳು ಈ ಮಾತನ್ನೂ ನಂಬಲು ಸಿದ್ಧಳಿದ್ದಾಳೆ, ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾಳೆ, ಅಮ್ಮ ಮತ್ತೆ ದುವಾ ಮಾಡುತ್ತಾಳೆ. ಆ ದುವಾದ ಯೋಚನೆಯನ್ನು ಅವನು ತಡೆದುಕೊಳ್ಳಲಾರದೆ ಹೋದ.

“ಇಲ್ಲ,” ಎಂದ. “ನಾನು ಓದಿರ್ಲಿಲ್ಲ. ಇವತ್ತು ಬೆಳಿಗ್ಗೆವರೆಗೆ ಒಂದು ಪುಟವೂ ಓದಿರ್ಲಿಲ್ಲ. ಟಿವಿ ನೋಡ್ತಾ ಸಹಿ ಹಾಕ್ದೆ. ಸ್ವರ ಇಳಿದಿರೋದು ನಂಗೆ ಕೇಳಿಸ್ತಿರ್ಲಿಲ್ಲ. ಈಗಲೂ ಕೇಳಿಸ್ತಿಲ್ಲ. ಅವಳದ್ದೇ ಏರಿದೆ ಅಂತ ಈಗಲೂ ಅನ್ನಿಸ್ತಿದೆ ನಂಗೆ.”

ಸೀ ಮುನ್ಸಿಫ್ ಫಾರಂ ಅನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿದ, ಇದಕ್ಕೆ ಚೌಕವಿರಲಿಲ್ಲ. ಕೊನೆಗೆ ಹದಿನೇಳರ ಅಡ್ಡಗೆರೆಯ ಮೇಲೆ ಸರಿ ಗುರುತು ಎಳೆದು, ಮಹ್‌ರೆಸ್ ಹುಡುಗನ ಹೆಸರು ಬರೆಯಬೇಕಿದ್ದಲ್ಲಿ ಎಮ್ನಾಳ ಹೆಸರು ಬರೆದ. ಶಾದ್ಲಿಯ ಹೆಸರಿನ ಮುಂದೆಯೂ ಏನೋ ಬರೆದು, ಕೈ ಅಡ್ಡ ಇಟ್ಟುಕೊಂಡ. ಹೊರಡುವಾಗ ಅವನು ಕೈಕುಲುಕಿದ್ದು ಮಾದಾಮ್ ಬೈಯ್ಯಾಳದ್ದು ಮಾತ್ರ. ಆಕೆ ಮೆಟ್ಟಿಲಿನಲ್ಲಿ ಅರ್ಧ ಇಳಿದವಳು ತಿರುಗಿ ನಿಂತು, “ಜೂನ್ ವಿಚಾರ ಆಮೇಲೆ ಮಾತಾಡೋಣ, ಸೀ ಶಾದ್ಲಿ. ಇಷ್ಟೊಂದು ಅರಿವು ಯಾರಿಗೆ ಬೇಕಿತ್ತು?” ಎಂದಳು.

ಮಕ್ಕಳು ಗದ್ದಲ ಮಾಡುತ್ತ ಹೋದರು. ಎಮ್ನಾ ಮಾತ್ರ ಊದ್‌ಗೆ ಚೀಲ ತೊಡಿಸದೆ ಕುಳಿತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

“ಆಗ ಕಾರಿಡಾರಿನಲ್ಲಿ ‘ಓದಿದ್ದೆ’ ಅಂದ್ರಿ.”

“ಸುಳ್ಳು ಹೇಳ್ದೆ.”

“ಅಮ್ಮನಿಗೆ ಏನಂತ ಹೇಳ್ಲಿ?”

“ಇದನ್ನೇ ಹೇಳು.”

ಅವಳು ತಂತಿಯೊಂದರ ಬಿರಡೆಯನ್ನು ಚೂರು ತಿರುಗಿಸಿದಳು. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅವನು ತನ್ನ ಊದ್ ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಎಲ್ಲಿ, ತೋರಿಸು,” ಎಂದ. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ ತೋರುಬೆರಳನ್ನು ತನ್ನ ಎರಡು ಬೆರಳುಗಳಲ್ಲಿ ಹಿಡಿದು, ವೈದ್ಯರು ಮುಟ್ಟುವಂತೆ ಭಾವವಿಲ್ಲದೆ, ತಂತಿಯ ಮೇಲೆ ಮುಂದಕ್ಕೆ ಸರಿಸಿದಳು. ಗೆಣ್ಣು ಚಳುಕು ಹೊಡೆಯಿತು.

“ಇಲ್ಲಿ.”

ಅವನು ಮೀಟಿದ. ಸ್ವರ ಕೂಗಿಕೊಂಡಂತೆ ಏರಿ ಬಂತು, ಅಸಹ್ಯವಾಗಿತ್ತು. ಐವತ್ತಾರು ವರ್ಷದ ಮೈಯೆಲ್ಲ ಆ ಬೆರಳನ್ನು ಹಿಂದಕ್ಕೆ ಎಳೆಯುತ್ತಿತ್ತು.

“ತಪ್ಪಾಗಿ ಕೇಳಿಸ್ತಿದೆ, ಎಮ್ನಾ.”

“ಕೇಳಿಸ್ಲಿ ಬಿಡಿ, ಸೀದಿ,” ಎಂದಳು. “ಬೆರಳು ತೆಗೀಬೇಡಿ.”

ಅವನು ತೆಗೆಯಲಿಲ್ಲ. ತನಗೆ ತಪ್ಪೆಂದೇ ಕೇಳಿಸುತ್ತಿದ್ದ ಆ ಸ್ವರವನ್ನು, ಸರಿಯೋ ಅಲ್ಲವೋ ಎಂದು ತಿಳಿಯಲು ಅವಳ ಮುಖವನ್ನು ನೋಡುತ್ತ, ಮೀಟುತ್ತಲೇ ಹೋದ.